ದಿನದ ಊಟಕ್ಕೆ ಬಾಳಿಕೆಯ ತಾಟು

ಊಟದ ತಾಟಿನ ಬಾಳಿಕೆಯನ್ನು ಮೂರು ಸಂಗತಿಗಳು ತೀರ್ಮಾನಿಸುತ್ತವೆ: ಅದಕ್ಕೆ ತಗುಲುವ ಹುಳಿ, ಅದು ಕೈಜಾರಿ ಬೀಳುವ ನೆಲ, ಅದನ್ನು ತೊಳೆಯುವ ನೀರು. ಭಾಲ್ಕಿ ತಾಲ್ಲೂಕಿನ ಸಾಯಗಾಂವದಂಥ ಗಡಿಭಾಗದ ಊರುಗಳಲ್ಲಿ ಈ ಮೂರೂ ಕಠಿಣವೇ. ಪುಂಡಿಪಲ್ಯ, ಹುಣಸೆ ಹಿಂಡಿದ ಸಾರು, ಮಜ್ಜಿಗೆ, ಎಳ್ಳಮಾವಾಸ್ಯೆ ಬಂದರೆ ಹುಳಿ ಬಂದ ಅಂಬಲಿ. ಊಟದಲ್ಲಿ ಹುಳಿ ಇಲ್ಲದ ದಿನ ಕಡಿಮೆ. ಹಳೆಯ ಮನೆಗಳ ನೆಲಕ್ಕೆ ಶಹಾಬಾದ್ ಕಲ್ಲು, ಹೊಸ ಮನೆಗಳಿಗೆ ಟೈಲ್ಸ್. ಎರಡೂ ಬಿದ್ದ ಪಾತ್ರೆಯನ್ನು ಉಳಿಸುವಂಥವಲ್ಲ. ಬೋರ್‌ವೆಲ್ ನೀರು ಗಡಸು. ತೊಳೆದು ಬೋರಲು ಹಾಕಿದ ತಾಟು ಒಣಗುವಷ್ಟರಲ್ಲಿ ಬಿಳಿ ಕಲೆ ಮೂಡಿರುತ್ತದೆ. ಬೆಲೆ, ಹೊಳಪು, ಕಂಪನಿಯ ಹೆಸರು ಆಮೇಲಿನ ಮಾತು. ಯಾವ ವಸ್ತು ಈ ಮೂರಕ್ಕೆ ಎಷ್ಟು ತಾಳುತ್ತದೆ ಎಂಬುದನ್ನು ಮೊದಲು ನೋಡಬೇಕು.

ವಸ್ತುವಿಗಿಂತ ಮುಂಚೆ ಆಕಾರದ ಬಗ್ಗೆ ಒಂದು ಮಾತು. ಜೋಳದ ರೊಟ್ಟಿ ಉಣ್ಣುವ ಮನೆಗೆ ಹತ್ತು ಇಂಚಿನ ತಟ್ಟೆ ಸಾಲದು. ರೊಟ್ಟಿ ಮಡಚದೆ ಕೂತು, ಪಕ್ಕದಲ್ಲಿ ಪಲ್ಯ, ಶೇಂಗಾ ಹಿಂಡಿ, ಒಂದು ಬಟ್ಟಲು ಇಡಲು ಜಾಗ ಬೇಕೆಂದರೆ ಹನ್ನೆರಡು ಇಂಚು ಬೇಕು. ರೊಟ್ಟಿ ಮುರಿದು ಬ್ಯಾಳಿಯಲ್ಲಿ ಕಲಸಿ ಉಣ್ಣುವವರಿಗೆ ಅಂಚು ನೆಟ್ಟಗೆ ಎದ್ದ ಗಂಗಾಳವೇ ಸರಿ. ಬೇರೆ ದೇಶಗಳ ಊಟಕ್ಕೆಂದು ಅಳತೆ ಮಾಡಿದ ‘ಡಿನ್ನರ್ ಸೆಟ್’ಗಳ ತಟ್ಟೆ ನೋಡಲು ಚೆಂದ, ಆದರೆ ಅಂಚು ಸಪಾಟಾಗಿ ಹರಡಿಕೊಂಡಿರುವುದರಿಂದ ಸಾರು ಹರಿದು ಹೊರಗೆ ಬರುತ್ತದೆ.

ದಿನಬಳಕೆಗೆ ಮೊದಲ ಆಯ್ಕೆ ಸ್ಟೀಲ್. ಇದಕ್ಕೆ ಬೀದರ್ ಜಿಲ್ಲೆಯಲ್ಲೇ ಸಾಕಷ್ಟು ಸಾಕ್ಷಿಗಳಿವೆ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಬೀದರ್ ಒಂದು. ಮಕ್ಕಳು ಎಸೆದಾಡಿ, ಬಾರಿಸಿ, ನಲ್ಲಿಯ ಕೆಳಗೆ ತಾವೇ ತೊಳೆದಿಡುವ ಆ ತಾಟುಗಳಿಗೆ ಸ್ಟೀಲ್ ಬಿಟ್ಟರೆ ಬೇರೆ ಯಾವ ವಸ್ತುವೂ ಒಗ್ಗುತ್ತಿರಲಿಲ್ಲ. ಬೀದರಿನ ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲೂ ಊಟ ಸ್ಟೀಲಿನ ಖಾನೆ ತಾಟಿನಲ್ಲೇ. ಪಂಕ್ತಿಯ ಮೇಲೆ ಪಂಕ್ತಿ ಏಳುವ ಕಡೆ ನಿಂತ ಪಾತ್ರೆ ಮನೆಯಲ್ಲಿ ನಿಲ್ಲದೆ ಹೋಗದು.

ಆದರೆ ಸ್ಟೀಲ್ ಎಂದರೆ ಎಲ್ಲವೂ ಒಂದೇ ಅಲ್ಲ. ಕಬ್ಬಿಣಕ್ಕೆ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಬೆರೆತಾಗ ಅದರ ಮೈಮೇಲೆ ಕಣ್ಣಿಗೆ ಕಾಣದ ತೆಳು ಪೊರೆ ಕಟ್ಟುತ್ತದೆ. ತುಕ್ಕನ್ನು ತಡೆಯುವುದು ಈ ಪೊರೆಯೇ. ಗೀರು ಬಿದ್ದರೂ ಗಾಳಿ ತಗುಲಿದೊಡನೆ ಅದು ಮತ್ತೆ ಕೂಡಿಕೊಳ್ಳುತ್ತದೆ. ಪೊರೆಗೆ ದೊಡ್ಡ ಶತ್ರು ಹುಳಿಯಲ್ಲ, ಉಪ್ಪು. ಉಪ್ಪಿನ ಕ್ಲೋರೈಡ್ ಪೊರೆಯನ್ನು ಅಲ್ಲಲ್ಲಿ ಚುಚ್ಚಿ ಸೂಜಿಮೊನೆಯಷ್ಟು ಸಣ್ಣ ಕುಳಿ ಮಾಡುತ್ತದೆ. ಉಪ್ಪಿನಕಾಯಿ ಬಡಿಸಿದ ತಾಟನ್ನು ರಾತ್ರಿಯಿಡೀ ತೊಳೆಯದೆ ಬಿಟ್ಟ ಮನೆಗಳಲ್ಲಿ ಆ ಕುಳಿಗಳನ್ನು ಬೆಳಕಿಗೆ ಹಿಡಿದು ನೋಡಬಹುದು. ಉಪ್ಪಿನಕಾಯಿ ಇಡಲು ಚೀನಿಮಣ್ಣಿನ ಬರಣಿಯೇ ರೂಢಿಗೆ ಬಂದದ್ದಕ್ಕೆ ಇದೂ ಒಂದು ಕಾರಣ.

ಪಾತ್ರೆ ಅಂಗಡಿಯಲ್ಲಿ ಸ್ಟೀಲಿನ ಜಾತಿಗಳಿಗೆ ಸಂಖ್ಯೆಗಳೇ ಹೆಸರು. 304ರಲ್ಲಿ ಕ್ರೋಮಿಯಂ ಸುಮಾರು ಶೇ 18, ನಿಕಲ್ ಶೇ 8. ತಟ್ಟೆಯ ಬೆನ್ನಿಗೆ ‘18/8’ ಎಂಬ ಮುದ್ರೆ ಇದ್ದರೆ ಇದೇ. ನಿಕಲ್ ದುಬಾರಿ ಲೋಹವಾದ್ದರಿಂದ ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ್ದು 201 ಮತ್ತು 202. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ತಾಟು, ಲೋಟಗಳಲ್ಲಿ ಹೆಚ್ಚಿನವು ಈ ಇನ್ನೂರರ ಸಾಲಿನವು. ಇವು ಕೆಟ್ಟವಲ್ಲ, ಊಟ ಮಾಡಿ ಬೇಗ ತೊಳೆಯುವ ಮನೆಯಲ್ಲಿ ಬಹಳ ಕಾಲ ಬರುತ್ತವೆ. ಉಪ್ಪು ಮತ್ತು ಗಡಸು ನೀರಿಗೆ ಮಾತ್ರ 304ರಷ್ಟು ತಾಳುವುದಿಲ್ಲ. 430ರಲ್ಲಿ ಕ್ರೋಮಿಯಂ ಶೇ 16ರಿಂದ 18, ನಿಕಲ್ ಇಲ್ಲವೆಂದೇ ಹೇಳಬೇಕು. ನಿಕಲ್ ತಗುಲಿದರೆ ಚರ್ಮ ಕೆರೆಯುವವರಿಗೆ ಇದು ಅನುಕೂಲ.

ಅಯಸ್ಕಾಂತ ಹಿಡಿದು ಸ್ಟೀಲ್ ಪರೀಕ್ಷಿಸುವ ಪದ್ಧತಿ ಊರೂರಲ್ಲಿದೆ. ಅಂಟದಿದ್ದರೆ ಅಸಲಿ, ಅಂಟಿದರೆ ನಕಲಿ ಎಂಬ ನಂಬಿಕೆ. ಈ ಪರೀಕ್ಷೆಯಿಂದ ತಿಳಿಯುವುದು ಕಡಿಮೆ. ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಅದು ಬಹುಶಃ 430, ಅದೂ ಒಪ್ಪುವ ಸ್ಟೀಲೇ. ಹಿಡಿಯದಿದ್ದರೆ 304 ಇರಬಹುದು, 202 ಕೂಡ ಇರಬಹುದು. ಗಿರಾಕಿ ನಿಜವಾಗಿ ಬೇರ್ಪಡಿಸಬೇಕಾದ ಈ ಎರಡರ ನಡುವೆ ಅಯಸ್ಕಾಂತ ಯಾವ ವ್ಯತ್ಯಾಸವನ್ನೂ ತೋರಿಸದು. ಇನ್ನೊಂದು ಗೊಂದಲವೂ ಇದೆ: ತಗಡನ್ನು ಅಚ್ಚಿಗೆ ಒತ್ತಿ ಅಂಚು ಎಬ್ಬಿಸುವಾಗ ಬಾಗಿದ ಜಾಗದಲ್ಲಿ ಸ್ಟೀಲಿಗೆ ಸ್ವಲ್ಪ ಕಾಂತಗುಣ ಬರುತ್ತದೆ. ಹಾಗಾಗಿ ಒಂದೇ ತಾಟಿನ ನಡುವೆ ಜಾರಿದ ಅಯಸ್ಕಾಂತ ಅಂಚಿಗೆ ಬಂದು ಅರೆಬರೆ ಅಂಟುವುದುಂಟು. ಅದು ಮೋಸದ ಗುರುತಲ್ಲ.

ನಂಬಬಹುದಾದ ಗುರುತು ಮುದ್ರೆ ಮತ್ತು ಬಿಲ್ಲು. ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯಗೊಳಿಸುವ ಆದೇಶವನ್ನು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿತು. ಸ್ಟೀಲ್ ಪಾತ್ರೆಯ ಮಾನಕದ ಸಂಖ್ಯೆ ಐಎಸ್ 14756. ಅಡುಗೆಯ ಪಾತ್ರೆ ಮಾತ್ರವಲ್ಲ, ಬಡಿಸುವ ಮತ್ತು ಉಣ್ಣುವ ಪಾತ್ರೆಗಳಿಗೂ ಅದು ಅನ್ವಯ. ಬೆನ್ನಿಗೆ ಅಂಟಿಸಿದ ಬಣ್ಣದ ಚೀಟಿಗೆ ಬೆಲೆ ಕೊಡಬೇಕಿಲ್ಲ, ಅದನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಲೋಹದ ಮೇಲೆಯೇ ಒತ್ತಿದ ಮುದ್ರೆ, ಬಿಲ್ಲಿನಲ್ಲಿ ಬರೆಸಿಕೊಂಡ ಸ್ಟೀಲಿನ ಸಂಖ್ಯೆ, ಇವೆರಡು ಇದ್ದರೆ ನಾಳೆ ಕೇಳುವ ಹಕ್ಕು ಉಳಿಯುತ್ತದೆ.

ಜಾತಿಯಷ್ಟೇ ಮುಖ್ಯವಾದದ್ದು ದಪ್ಪ. ತಗಡಿನ ದಪ್ಪವನ್ನು ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ. ಇಲ್ಲಿ ಲೆಕ್ಕ ತಿರುಗುಮುರುಗು: ಸಂಖ್ಯೆ ಏರಿದಂತೆ ತಗಡು ತೆಳುವಾಗುತ್ತದೆ. 22 ಗೇಜ್ ಎಂದರೆ ಸುಮಾರು 0.71 ಮಿ.ಮೀ., 24 ಗೇಜ್ 0.56, 26 ಗೇಜ್ 0.46, 28 ಗೇಜ್ 0.38 ಮಿ.ಮೀ. ಅಂಗಡಿಯಲ್ಲಿ ಗೇಜ್ ಅಳೆಯುವ ಸಾಧನ ಕೇಳಿದರೆ ನಗುತ್ತಾರೆ. ತಕ್ಕಡಿಯಂತೂ ಇದ್ದೇ ಇರುತ್ತದೆ, ಏಕೆಂದರೆ ಸ್ಟೀಲ್ ಪಾತ್ರೆ ಈಗಲೂ ಹಲವು ಕಡೆ ತೂಕಕ್ಕೇ ಮಾರಾಟ. 30 ಸೆಂ.ಮೀ. ಅಗಲದ, ಅಂಚಿಲ್ಲದ ಒಂದು ದುಂಡು ತಗಡು 22 ಗೇಜ್‌ನಲ್ಲಿ ಹತ್ತಿರ ಹತ್ತಿರ 400 ಗ್ರಾಂ ತೂಗುತ್ತದೆ, 26 ಗೇಜ್‌ನಲ್ಲಿ 255 ಗ್ರಾಂ. ಅಂಚು ಸೇರಿದರೆ ಇನ್ನಷ್ಟು. ಹೀಗಾಗಿ ಹನ್ನೆರಡು ಇಂಚಿನ ತಾಟು 300 ಗ್ರಾಂ ಒಳಗಿದ್ದರೆ ಅದು ತೆಳು ತಗಡಿನದೇ. ದೊಡ್ಡವರ ದಿನದ ಊಟಕ್ಕೆ 22 ಅಥವಾ 24 ಗೇಜ್ ತಕ್ಕದ್ದು.

ತೂಕ ನೋಡಿದ ಮೇಲೆ ಇನ್ನೆರಡು ಕೆಲಸ ಉಳಿಯುತ್ತವೆ. ತಾಟನ್ನು ಸಪಾಟು ಕಟ್ಟೆಯ ಮೇಲಿಟ್ಟು ಹೆಬ್ಬೆರಳಿನಿಂದ ನಡುಭಾಗ ಒತ್ತಬೇಕು. ‘ಟಕ್’ ಎಂದು ಒಳಗೆ ಹೋಗಿ ಮತ್ತೆ ಪುಟಿದರೆ ತಳ ತೆಳು. ಬಿಸಿ ಸಾರು ಬಿದ್ದಾಗ ಅದೇ ಸದ್ದು ಮಾಡಿ ತಾಟು ತಿರುಗುತ್ತದೆ. ಬಳಿಕ ಅಂಚಿನ ಸುತ್ತ ಉಗುರು ಆಡಿಸಬೇಕು. ಒಳಮುಖವಾಗಿ ಸುರುಳಿ ಸುತ್ತಿದ ಅಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವ ಸಂದಿ ಇದ್ದರೆ ಅಲ್ಲಿ ಸೋಪಿನ ನೀರು, ಎಣ್ಣೆ ಕೂರುತ್ತದೆ, ಕಪ್ಪಾಗುವುದು ಅಲ್ಲಿಂದಲೇ. ಸುರುಳಿ ಪೂರ್ತಿ ಮುಚ್ಚಿರಬೇಕು, ಇಲ್ಲವೇ ಅಂಚು ಸುರುಳಿಯಿಲ್ಲದೆ ನುಣುಪಾಗಿ ಉಜ್ಜಿದ್ದಾಗಿರಬೇಕು.

ಮದುವೆಯ ಆಯೇರಿಯಲ್ಲಿ ಬಂದ ತಾಟುಗಳ ಬಗ್ಗೆ ಎಚ್ಚರ ಬೇಕು. ಕೊಡುವವರು ಎಣಿಕೆಗೆ ಕೊಳ್ಳುತ್ತಾರೆ, ಅಂಗಡಿಯವರು ಎಣಿಕೆಗೆ ತಕ್ಕ ತಗಡು ಕೊಡುತ್ತಾರೆ. ಕೊಟ್ಟವರ ಹೆಸರು, ಊರು, ತಾರೀಖು ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಈ ಪಾತ್ರೆಗಳಲ್ಲಿ ಹಲವು ಕಾಳುಕಡಿ ಮುಚ್ಚಲು, ಹಪ್ಪಳ ಒಣಗಿಸಲು ಸರಿ. ದಿನದ ಊಟಕ್ಕೆ ಬೇಕಾದಷ್ಟನ್ನು ಮನೆಯವರೇ ತೂಗಿ ನೋಡಿ ತರುವುದು ಒಳ್ಳೆಯದು.

ಸ್ಟೀಲಿಗಿಂತ ಮೊದಲಿನ ಕಾಲದ ತಾಟು ಹಿತ್ತಾಳೆಯದು, ಕಂಚಿನದು. ಇವೆರಡನ್ನೂ ಒಂದೇ ಎಂದು ತಿಳಿಯುವುದು, ಒಂದನ್ನು ಇನ್ನೊಂದೆಂದು ಮಾರುವುದು ಎರಡೂ ನಡೆದಿವೆ. ಹಿತ್ತಾಳೆ ತಾಮ್ರ ಮತ್ತು ಸತುವಿನ ಬೆರಕೆ. ಹುಳಿ ತಗುಲಿದರೆ ಎರಡು ಲೋಹಗಳೂ ಊಟಕ್ಕೆ ಇಳಿಯುತ್ತವೆ. ಪುಂಡಿಪಲ್ಯ ಬಡಿಸಿದ ಬರಿ ಹಿತ್ತಾಳೆಯಲ್ಲಿ ಬಾಯಿಗೆ ಬರುವ ಕಹಿಗೆ, ಆಮೇಲೆ ಮೂಡುವ ಹಸಿರು ಕಿಲುಬಿಗೆ ಕಾರಣ ಇದೇ. ಅದಕ್ಕೇ ಕಲಾಯಿ. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಕರಗಿದ ತವರವನ್ನು ಹತ್ತಿಯಿಂದ ಸರಸರ ತಿಕ್ಕಿ ಹರಡುವ ಕೆಲಸ ಅದು. ತವರ 232 ಡಿಗ್ರಿಗೇ ಕರಗುವುದರಿಂದ ಇಷ್ಟು ಸಣ್ಣ ಕುಲುಮೆಯಲ್ಲಿ, ಬೀದಿಯ ಬದಿಯಲ್ಲಿ ಈ ಕೆಲಸ ಆಗುತ್ತದೆ. ಕಲಾಯಿಯ ಬಿಳುಪು ಸವೆದು ಹಳದಿ ಇಣುಕಿದ ಕೂಡಲೇ ಮತ್ತೆ ಹಾಕಿಸಬೇಕು.

ಕಲಾಯಿಯಲ್ಲಿ ಅಪಾಯ ತವರದಿಂದಲ್ಲ, ತವರಕ್ಕೆ ಬೆರೆಸುವ ಸೀಸದಿಂದ. ಸೀಸ ಅಗ್ಗ, ಮೊದಲ ದಿನ ತವರದಂತೆಯೇ ಹೊಳೆಯುತ್ತದೆ, ಮತ್ತು ಮಕ್ಕಳ ಮೈಗೆ ವಿಷ. ಕಡ್ಡಿಯನ್ನು ಬಿಳಿ ಕಾಗದದ ಮೇಲೆ ಒತ್ತಿ ಎಳೆದರೆ ಸೀಸ ಹೆಚ್ಚಿದ್ದದ್ದು ಪೆನ್ಸಿಲಿನಂತೆ ಬೂದು ಗೆರೆ ಬಿಡುತ್ತದೆ. ಶುದ್ಧ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಬಗ್ಗಿಸಿದರೆ ಕರಕರ ಸದ್ದು ಬರುತ್ತದೆ. ಕಲಾಯಿಗಾರರೇ ಗಿರಾಕಿಗೆ ತೋರಿಸುವ ಪರೀಕ್ಷೆ ಇದು. ಕಲಾಯಿಗಾರರು ಬರುವುದೇ ಅಪರೂಪವಾದ ಊರಿನಲ್ಲಿ ಹಿತ್ತಾಳೆಯ ತಾಟನ್ನು ದಿನದ ಊಟಕ್ಕೆ ಇಟ್ಟುಕೊಳ್ಳುವುದು ಜಾಣತನವಲ್ಲ. ಇದ್ದದ್ದನ್ನು ಪೂಜೆಗೆ, ಒಣ ತಿಂಡಿಗೆ ಬಳಸಬಹುದು.

ಕಂಚಿನ ಮಾತು ಬೇರೆ. ಸತುವಿನ ಬದಲು ತವರ ಸೇರಿದ ಈ ಬೆರಕೆಯಲ್ಲಿ ತಾಮ್ರ ಸುಮಾರು 78 ಪಾಲು, ತವರ 22 ಪಾಲು. ಹುಳಿಗೆ ಹಿತ್ತಾಳೆಗಿಂತ ಬಹಳ ಮೇಲು, ಕಲಾಯಿ ಬೇಡ. ಹುಳಿ ಬಿದ್ದ ಜಾಗ ಕಪ್ಪಾಗುತ್ತದೆ. ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೋಗುತ್ತದೆ, ಮೊಸರು, ಪಲ್ಯವನ್ನು ಅದರಲ್ಲೇ ಗಂಟೆಗಟ್ಟಲೆ ಬಿಡಬಾರದು. ಕಂಚಿನ ಕೊರತೆ ಎಂದರೆ ಅದರ ಬಿರುಸುತನ. ತಾಮ್ರಕ್ಕೆ ಇಷ್ಟು ತವರ ಸೇರಿದ ಮೇಲೆ ಅದು ಬಾಗುವುದಿಲ್ಲ, ಒಡೆಯುತ್ತದೆ. ಶಹಾಬಾದ್ ಕಲ್ಲಿನ ಮೇಲೆ ಅಂಚು ಕೆಳಗಾಗಿ ಬಿದ್ದ ಕಂಚಿನ ತಾಟು ಬಿರುಕು ಬಿಟ್ಟರೆ ಮನೆಯ ಹತ್ತಿರ ಬೆಸೆಯುವವರು ಸಿಗರು. ಕೊಳ್ಳುವಾಗ ಬೆರಳ ತುದಿಯ ಮೇಲೆ ನಿಲ್ಲಿಸಿ ಮೆಲ್ಲಗೆ ಬಡಿದು ಕೇಳಬೇಕು: ಒಳ್ಳೆಯ ಕಂಚು ಗಂಟೆಯಂತೆ ಬಹಳ ಹೊತ್ತು ನಾದ ಬಿಡುತ್ತದೆ, ಹಿತ್ತಾಳೆಯ ಸದ್ದು ಬೇಗ ಸಾಯುತ್ತದೆ, ಬಿರುಕಿದ್ದ ಕಂಚು ಬೊದ್ದೆನ್ನುತ್ತದೆ. ದುಬಾರಿ ನಿಜ, ಆದರೆ ಒಡೆದರೂ ತೂಕಕ್ಕೆ ಬೆಲೆ ಬರುತ್ತದೆ. ಹಿರಿಯರು ಇಬ್ಬರೇ ಇರುವ ಮನೆಗೆ ಕಂಚು ಒಪ್ಪುವಷ್ಟು ಮಕ್ಕಳಿರುವ ಮನೆಗೆ ಒಪ್ಪದು.

ತಾಮ್ರ ನೀರಿಗೆ ಮಾತ್ರ. ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 2 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಕಲಾಯಿಯಿಲ್ಲದ ತಾಮ್ರದ ಲೋಟಕ್ಕೆ ಮಜ್ಜಿಗೆ, ನಿಂಬೆ ಶರಬತ್ತು ಹಾಕುವಂತಿಲ್ಲ.

ಜರ್ಮನ್ ಎಂದು ಕರೆಯುವ ಅಲ್ಯೂಮಿನಿಯಂ ತಾಟಿನ ಮಾತು ಚಿಕ್ಕದು. ಹಗುರ, ಅಗ್ಗ, ಹುಳಿಗೂ ಕರಗುತ್ತದೆ, ಸೋಡಾದಂಥ ಕ್ಷಾರಕ್ಕೂ ಕರಗುತ್ತದೆ, ಕೈಬೆರಳಿನ ಒತ್ತಡಕ್ಕೂ ತಗ್ಗುತ್ತದೆ. ಸ್ಟೀಲ್ ಕೈಗೆಟುಕದ ಕಾಲಕ್ಕೆ ಅದು ಸರಿಯಿತ್ತು. ಈಗ ಊಟದ ತಾಟಾಗಿ ಅದನ್ನು ಕೊಳ್ಳಲು ಕಾರಣವಿಲ್ಲ. ಎನಾಮೆಲ್ ಹಚ್ಚಿದ ಹೂವಿನ ತಾಟುಗಳಿಗೆ ಹುಳಿ ತಾಗದು. ಬಿದ್ದ ಕಡೆ ಚಕ್ಕೆ ಎದ್ದರೆ ಮಾತ್ರ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಚಕ್ಕೆ ಎದ್ದ ತಾಟನ್ನು ಊಟದಿಂದ ತೆಗೆಯಬೇಕು.

ಚೀನಿಮಣ್ಣು, ಗಾಜು ಎರಡಕ್ಕೂ ಹುಳಿ, ಉಪ್ಪು ಲೆಕ್ಕಕ್ಕಿಲ್ಲ. ಅವುಗಳ ಕಷ್ಟವೆಲ್ಲ ನೆಲದ ಜತೆಗೆ. ಮಣ್ಣಿನ ಪಾತ್ರೆ ಎಷ್ಟು ಕಾವಿನಲ್ಲಿ ಬೆಂದಿದೆ ಎಂಬುದರ ಮೇಲೆ ಅದರ ಗಟ್ಟಿತನ ನಿಂತಿದೆ. ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟದ್ದು ಒಳಗೆ ರಂಧ್ರಮಯ. ಮೇಲಿನ ಗಾಜಿನಂಥ ಲೇಪ ಚಕ್ಕೆ ಎದ್ದರೆ ನೀರು ಹೀರಿ ಕಪ್ಪಾಗುತ್ತದೆ. 1200 ಡಿಗ್ರಿ ಮೀರಿ ಸುಟ್ಟ ಸ್ಟೋನ್‌ವೇರ್, ಪೋರ್ಸೆಲಿನ್‌ಗಳು ಒಳಗಿನವರೆಗೂ ಬಿಗಿ. ಎರಡನ್ನು ಬೇರ್ಪಡಿಸಲು ತಟ್ಟೆಯ ಬೆನ್ನಿನಲ್ಲಿ ಲೇಪವಿಲ್ಲದ ಉಂಗುರದ ಮೇಲೆ ಒಂದು ಹನಿ ನೀರು ಬಿಟ್ಟರೆ ಸಾಕು. ಹನಿ ಹಾಗೇ ನಿಂತರೆ ಗಟ್ಟಿ ಮಾಲು, ಹೀರಿ ಒದ್ದೆ ಕಲೆ ಮಾಡಿದರೆ ಮೆತ್ತನೆಯದು. ಜಾತ್ರೆಯಲ್ಲಿ ಸಿಗುವ ಗಾಢ ಕೆಂಪು, ಹಳದಿ ಬಣ್ಣದ ಅಲಂಕಾರದ ತಟ್ಟೆಗಳ ಲೇಪದಲ್ಲಿ ಸೀಸ, ಕ್ಯಾಡ್ಮಿಯಂ ಇರುವ ಸಾಧ್ಯತೆ ಉಂಟು, ಹುಳಿ ಪದಾರ್ಥಕ್ಕೆ ಅವನ್ನು ಬಳಸಬಾರದು.

ಬೋನ್ ಚೈನಾ ತೆಳುವಾಗಿದ್ದೂ ಗಟ್ಟಿ. ಆದರೆ ಹೆಸರಿನಲ್ಲಿರುವ ಎಲುಬು ನಿಜವಾದ ಎಲುಬೇ: ದನದ ಎಲುಬು ಸುಟ್ಟ ಬೂದಿ ಅದರ ಮಣ್ಣಿನಲ್ಲಿ ದೊಡ್ಡ ಪಾಲು. ಸಸ್ಯಾಹಾರದ ಮನೆಗಳಲ್ಲಿ ಇದು ತಿಳಿಯದೆ ಷೋಕೇಸಿಗೆ ಬಂದು ಕೂತಿರುತ್ತದೆ. ತಿಳಿದ ಮೇಲೆ ಇಟ್ಟುಕೊಳ್ಳುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಬೇಡವಾದವರಿಗೆ ಪೋರ್ಸೆಲಿನ್ ಇದೆ.

ಬಿಳಿ ಗಾಜಿನ ಓಪಲ್ ತಟ್ಟೆಗಳು ಈಚೆಗೆ ಆಯೇರಿಯಲ್ಲೂ ಜಾಗ ಪಡೆದಿವೆ. ಕಾಯಿಸಿ ಒಮ್ಮೆಲೇ ತಣಿಸಿ ಬಿಗಿಗೊಳಿಸಿದ ಈ ಗಾಜು ಚೀನಿಮಣ್ಣಿಗಿಂತ ಹಗುರ, ಸಣ್ಣಪುಟ್ಟ ಪೆಟ್ಟಿಗೆ ಜಗ್ಗುವುದಿಲ್ಲ, ಅರಿಸಿನದ ಕಲೆ ಹಿಡಿಯುವುದಿಲ್ಲ. ಅಮೆರಿಕದ ಕಾರ್ನಿಂಗ್ ಕಂಪನಿ 1970ರಲ್ಲಿ ತಂದ ಕೊರೆಲ್ ಇದರ ಹತ್ತಿರದ ಬಂಧು, ಮೂರು ಪದರ ಗಾಜನ್ನು ಕೂಡಿಸಿದ್ದು. ‘ಒಡೆಯದ ತಟ್ಟೆ’ ಎಂಬ ಮಾರಾಟದ ಮಾತನ್ನು ಮಾತ್ರ ನಂಬಬಾರದು. ಬಿಗಿಗೊಳಿಸಿದ ಗಾಜು ಹತ್ತು ಸಲ ಬಿದ್ದು ಉಳಿದು, ಹನ್ನೊಂದನೆಯ ಸಲ ಸಿಡಿದು ಚೂರು ಕೋಣೆಯ ಮೂಲೆಮೂಲೆಗೆ ಹಾರುತ್ತದೆ. ನೆಲದ ಮೇಲೆ ಕೂತು ಉಣ್ಣುವ, ತೆವಳುವ ಕೂಸಿರುವ ಮನೆಯಲ್ಲಿ ಅದು ಸಣ್ಣ ವಿಷಯವಲ್ಲ. ಅಂಚಿನಲ್ಲಿ ಉಗುರಿಗೆ ತಗುಲುವಷ್ಟು ಚಕ್ಕೆ ಎದ್ದಿದ್ದರೆ ಆ ತಟ್ಟೆ ಇನ್ನು ಬಳಕೆಗಲ್ಲ.

ಚೀನಿಮಣ್ಣು ಸ್ಟೀಲನ್ನು ನೇರವಾಗಿ ಸೋಲಿಸುವ ಜಾಗ ಒಂದಿದೆ: ಚಹಾದ ಕಪ್ಪು-ಬಸಿ. ಸ್ಟೀಲ್ ಲೋಟದ ತೆಳು ಗೋಡೆ ಕಾವನ್ನು ಅದೇ ಕ್ಷಣ ಬೆರಳಿಗೂ ತುಟಿಗೂ ದಾಟಿಸುತ್ತದೆ. ದಪ್ಪ ಗೋಡೆಯ ಕಪ್ಪು ಹಾಗೆ ಮಾಡದು. ಕಪ್ಪಿನಲ್ಲಿ ಮೊದಲು ಹೋಗುವುದು ಹಿಡಿ; ಹಿಡಿ ಮೈಗೆ ಕೂಡುವ ಎರಡು ಕಡೆಯೂ ಗೆರೆ ಕಾಣದೆ ತುಂಬಿಕೊಂಡಿರುವ, ಒಂದು ಬೆರಳು ಸಲೀಸಾಗಿ ಹೋಗುವ ಕಪ್ಪನ್ನು ಆರಿಸಬೇಕು. ಬಸಿಯಲ್ಲಿ ಸುರಿದು ಕುಡಿಯುವ ರೂಢಿ ಇರುವ ಕಡೆ ಆಳದ ಬಸಿಯೇ ಬೇಕು, ಈಗಿನ ಸೆಟ್ಟುಗಳಲ್ಲಿ ಬರುವ ಚಪ್ಪಟೆ ಬಸಿ ಕೆಲಸಕ್ಕೆ ಬಾರದು.

ಮೆಲಮೈನ್ ತಟ್ಟೆ ಬಿದ್ದರೆ ಒಡೆಯದು, ಮಕ್ಕಳಿಗೆ ಹಗುರ. ಆದರೆ ಅದು ಪ್ಲಾಸ್ಟಿಕ್ ಎಂಬುದನ್ನು ಮರೆಯಬಾರದು. 70 ಡಿಗ್ರಿ ಮೀರಿದ ಬಿಸಿ ಮತ್ತು ಹುಳಿ ಕೂಡಿದಾಗ ಅದರ ಅಂಶಗಳು ಊಟಕ್ಕೆ ಇಳಿಯಬಹುದು. ಒಲೆಯಿಂದ ಇಳಿಸಿದ ಸಾರು ಆ ಮಿತಿಯ ಮೇಲೆಯೇ ಇರುತ್ತದೆ. ಮೈಕ್ರೊವೇವ್‌ಗೆ ಇಡಲೇಬಾರದು. ಹೊಳಪು ಹೋಗಿ, ಅರಿಸಿನ ಹಿಡಿದು ಗೀರೆದ್ದ ಮೆಲಮೈನನ್ನು ಮನೆಯಲ್ಲಿಟ್ಟುಕೊಳ್ಳುವ ಅಗತ್ಯವಿಲ್ಲ. ಅವಲಕ್ಕಿ, ಹಣ್ಣು, ಬಿಸ್ಕತ್ತಿಗೆ ಆಗುತ್ತದೆ, ಅಷ್ಟೇ.

ಬೀದರ್ ಎಂದೊಡನೆ ನೆನಪಾಗುವ ಬಿದರಿ ತಟ್ಟೆಯ ಬಗ್ಗೆ ಹೊರಗಿನಿಂದ ಬಂದ ನೆಂಟರು ಕೇಳುವುದುಂಟು: ಇದರಲ್ಲಿ ಊಟ ಮಾಡಬಹುದೇ? ಬಾರದು. ಬಿದರಿಯ ಮೈ ಬಹುಪಾಲು ಸತು, ಅದಕ್ಕೆ ಸ್ವಲ್ಪ ತಾಮ್ರ. ಸುಮಾರು ಹದಿನಾರು ಪಾಲಿಗೆ ಒಂದು ಪಾಲು. ಅದರ ಮೇಲೆ ಬೆಳ್ಳಿಯ ತಂತಿ, ತಗಡು ಕೂರಿಸಿ, ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಾಯಿಸಿದ ದ್ರಾವಣದಲ್ಲಿ ಕಪ್ಪಾಗಿಸುತ್ತಾರೆ. ಹುಳಿ ಸತುವನ್ನು ಸುಲಭವಾಗಿ ಕರಗಿಸುತ್ತದೆ, ಕರಗಿದ ಸತು ಹೊಟ್ಟೆಗೆ ಹೋದರೆ ವಾಂತಿ. ಕಪ್ಪು ಬಣ್ಣವೂ ನಿಂಬೆಹಣ್ಣಿನ ಒಂದು ತೊಟ್ಟಿಗೆ ಕೆಡುತ್ತದೆ. ಈ ಕಲೆಯ ಹಳೆಯ ಮಾಲುಗಳಲ್ಲಿ ಹೆಸರಾದವು ಹುಕ್ಕಾದ ಬುಡ, ಪಾನ್‌ದಾನ್, ಹೂಜಿ, ಊಟದ ತಾಟಲ್ಲ. 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ, 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರ ಮೂಲಕ ಪದ್ಮಶ್ರೀ ಗೌರವ ಕಂಡ ಈ ಕೆಲಸಕ್ಕೆ ಗೋಡೆ, ಮೇಜು ಸರಿಯಾದ ಜಾಗ. ಒಣ ಬಟ್ಟೆಯಿಂದ ಒರೆಸಿ, ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಕಪ್ಪು ಉಳಿಯುತ್ತದೆ.

ಕಾರ್ಯಕ್ರಮದ ದಿನ ನೂರಾರು ಜನ ಬಂದಾಗ ಮನೆಯ ತಾಟು ಸಾಲುವುದಿಲ್ಲ. ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿತ್ತು, 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಮುತ್ತುಗದ ಎಲೆಯ ಪತ್ರಾವಳಿ, ಅಡಿಕೆ ಹಾಳೆಯ ತಟ್ಟೆ, ಇಲ್ಲವೇ ಬಾಡಿಗೆಯ ಸ್ಟೀಲ್ ತಾಟು, ಇವುಗಳಲ್ಲಿ ಯಾವುದಾದರೂ ಆಗುತ್ತದೆ. ಹೊಳೆಯುವ ಕಾಗದದ ತಟ್ಟೆಯ ಮೇಲಿರುವುದು ಹಲವು ಸಲ ಪ್ಲಾಸ್ಟಿಕ್ ಪೊರೆಯೇ.

ಇನ್ನು ತೊಳೆಯುವ ವಿಚಾರ. ಸ್ಟೀಲ್ ತಾಟು ಹಾಳಾಗುವುದು ಊಟದಿಂದಲ್ಲ, ಹೆಚ್ಚಾಗಿ ತಿಕ್ಕುವುದರಿಂದ. ಕಬ್ಬಿಣದ ತಂತಿಯ ಜುಂಗು ಸ್ಟೀಲನ್ನು ಗೀರುವುದಷ್ಟೇ ಅಲ್ಲ, ತನ್ನ ಚೂರುಗಳನ್ನು ಗೀರಿನಲ್ಲಿ ಬಿಟ್ಟುಹೋಗುತ್ತದೆ. ಮರುದಿನ ಕಾಣುವ ಕೆಂಚು ಚುಕ್ಕೆ ತಾಟಿನ ತುಕ್ಕಲ್ಲ, ಆ ಚೂರಿನದು. ತೆಂಗಿನ ನಾರು, ಹಸಿರು ಸ್ಕ್ರಬ್ಬರ್, ಜರಡಿ ಹಿಡಿದ ಬೂದಿ ಸಾಕು. ಬೂದಿಯಲ್ಲಿ ಮರಳು, ಹರಳು ಇರಬಾರದು. ಗಡಸು ನೀರಿನ ಬಿಳಿ ಕಲೆ ಸುಣ್ಣದ ಜಾತಿಯದು. ನಿಂಬೆಹಣ್ಣಿನ ಸಿಪ್ಪೆಯಿಂದ ಅಥವಾ ನೀರು ಬೆರೆಸಿದ ವಿನೆಗರ್‌ನಿಂದ ಒರೆಸಿ ತೊಳೆದರೆ ಬಿಡುತ್ತದೆ, ಒಣ ಬಟ್ಟೆಯಿಂದ ಒರೆಸಿಟ್ಟರೆ ಮೂಡುವುದೇ ಇಲ್ಲ. ಅದೇ ಹುಳಿ ನೀರು ಶಹಾಬಾದ್ ಕಲ್ಲಿನ ಮೇಲೆ ಚೆಲ್ಲಿದರೆ ಮಾತ್ರ ಕಲ್ಲಿನ ಹೊಳಪು ಹೋಗುತ್ತದೆ, ಅದೂ ಸುಣ್ಣದಕಲ್ಲೇ ತಾನೆ. ಚೀನಿಮಣ್ಣು, ಗಾಜಿನ ತಟ್ಟೆಗಳನ್ನು ಬಿಸಿ ಆರುವ ಮೊದಲು ತಣ್ಣೀರಿಗೆ ಹಾಕಬಾರದು. ಒಂದರ ಮೇಲೊಂದು ಇಡುವಾಗ ನಡುವೆ ಬಟ್ಟೆಯ ತುಂಡು ಅಥವಾ ಕಾಗದ ಇರಲಿ, ಏಕೆಂದರೆ ಮೇಲಿನ ತಟ್ಟೆಯ ಒರಟು ಉಂಗುರ ಕೆಳಗಿನದರ ಹೊಳಪನ್ನು ತಿನ್ನುತ್ತದೆ.

ಹೊಸದಾಗಿ ಸಂಸಾರ ಹೂಡುವವರು ಒಮ್ಮೆಲೇ ಒಂದು ಸೆಟ್ ಕೊಳ್ಳಬೇಕಿಲ್ಲ. ತಲೆಗೊಂದರಂತೆ 304 ಸ್ಟೀಲಿನ ದಪ್ಪ ತಾಟು, ಬಂದವರಿಗೆಂದು ಅದೇ ಅಳತೆಯ ನಾಲ್ಕು, ತಾಟಿಗೆರಡು ಬಟ್ಟಲು, ಅರ್ಧ ಡಜನ್ ಕಪ್ಪು-ಬಸಿ, ಇಷ್ಟರಿಂದ ಮನೆ ನಡೆಯುತ್ತದೆ. ಅಳತೆ ಒಂದೇ ಇದ್ದರೆ ಒಂದರೊಳಗೊಂದು ಕೂತು ಜಾಗ ಉಳಿಯುತ್ತದೆ. ಬಿಲ್ಲಿನಲ್ಲಿ ಅಳತೆ, ಗೇಜ್ ಬರೆಸಿಟ್ಟುಕೊಂಡರೆ ಮುಂದೆ ಕಡಿಮೆ ಬಿದ್ದಾಗ ಅಂಥದ್ದೇ ಬಿಡಿ ತಾಟು ತರಬಹುದು. ಹಳೆಯ ಹಿತ್ತಾಳೆ, ತಾಮ್ರ ಮನೆಯಲ್ಲಿದ್ದರೆ ಅದನ್ನು ತೂಕಕ್ಕೆ ಹಾಕಿ ಸ್ಟೀಲ್ ತರುವ ಮುನ್ನ ಎರಡು ಅಂಗಡಿಗಳಲ್ಲಿ ದರ ಕೇಳಬೇಕು, ಹಳೆಯದರ ತೂಕವನ್ನು ಕಣ್ಣೆದುರೇ ಹಾಕಿಸಬೇಕು.